ಐದನೇ ತಿಂಗಳಿಗೆ ಹಾಲು ಬಿಡಿಸಿದ ಕೂಸು

ಕೂಸಿನ ನೆತ್ತಿ ಇನ್ನಷ್ಟು ಕುಳಿಬಿದ್ದಿದೆಯೇ ಎಂದು ವಿಶಾಲಾಕ್ಷಿ ಬೆಳಗಿನಿಂದ ಹತ್ತು ಸಲ ಮುಟ್ಟಿ ನೋಡಿದ್ದಳು. ಸೊಸೆ ಬೇಗ ಮತ್ತೆ ಬಸಿರಾಗಿ ಗಂಡು ಹೆರಲೆಂದು ಅತ್ತೆ ಕರಿಬಸಮ್ಮ ಐದೇ ತಿಂಗಳಿಗೆ ಈ ಹೆಣ್ಣುಕೂಸಿನ ಎದೆಹಾಲು ಬಿಡಿಸಿದ್ದರು. ದಾವಣಗೆರೆಯಲ್ಲಿ ಓದಿದ್ದರೂ ವಿಶಾಲಾಕ್ಷಿ ಒಪ್ಪಿದ್ದಳು. ಹಸುವಿನ ಹಾಲು ಒಗ್ಗದೆ ಮೂರು ದಿನದಿಂದ ಭೇದಿ.

"ತರೀಕೆರೆ ಡಾಕ್ಟ್ರಿಗೆ ತೋರಿಸೋಣ, ಅತ್ತೆ."

"ಹೆಣ್ಣುಜೀವ ಕಣೇ, ಗಟ್ಟಿ. ಓಮದ ನೀರು ಕುಡ್ಸು, ಸಾಕು."

"ಭಾವನ ಮಗನಿಗೆ ಬರೀ ನೆಗಡಿಗೇ ಕಾರು ತರಿಸಿದ್ರಲ್ಲ?"

"ಅವ್ನು ವಂಶ ಬೆಳ್ಸೋನು. ನೀನೂ ಒಂದು ಗಂಡು ಹೆತ್ತು ಆಮೇಲೆ ಮಾತಾಡು!"

ಕೂಸು ಅತ್ತರೂ ಕಣ್ಣೀರು ಬರಲಿಲ್ಲ. ವಿಶಾಲಾಕ್ಷಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಜ್ಜಂಪುರದ ಅಂಚೆ ಕಚೇರಿಗೆ ಓಡಿದಳು. ತರೀಕೆರೆಗೆ ಟ್ರಂಕ್ ಕಾಲ್ ಸಿಕ್ಕಿತು.

"ಡಾಕ್ಟ್ರೇ, ಮಗೂನ ಕರ್ಕೊಂಡು ಈಗ್ಲೇ ಬಸ್ಸು ಹತ್ತುತೀನಿ. ಅಲ್ಲೀವರೆಗೂ ಏನು ಕುಡಿಸ್ಲಿ, ಹೇಳಿ."