ಅಕ್ಕನಿಗೊಂದು ಲೋಟ

ಅಕ್ಕೂರಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ರೇಷ್ಮೆಯ ಹುಳುಮನೆಯ ಪಕ್ಕದ ತಗಡಿನ ಚಪ್ಪರದಡಿ ಸುಂದರಮ್ಮ ಭಟ್ಟಿಯ ಬಾಗಿಲಿಗೆ ಅಂಗೈ ತಾಕಿಸಿ ಸರಕ್ಕನೆ ಹಿಂದಕ್ಕೆಳೆದುಕೊಳ್ಳುತ್ತಾರೆ. ಇನ್ನೂ ಬಿಸಿ. ಅರವತ್ತು ದಾಟಿದ ಈ ಪಿಂಗಾಣಿ ಕಲಾವಿದೆ ಭಟ್ಟಿ ಆರುವ ತನಕ ಕಾಯುವುದರಲ್ಲಿ ಪಳಗಿದವರು. ಇವತ್ತು ಮಾತ್ರ ಕೂತಲ್ಲಿ ಕೂರಲಾರರು.

“ಏನೇ ಸುಂದ್ರಿ, ಹೆರಿಗೆ ವಾರ್ಡ್ ಮುಂದೆ ಗಂಡ ಸುತ್ದಂಗೆ ಸುತ್ತಾ ಇದ್ದೀಯಲ್ಲ!” ಹುಳುಗಳಿಗೆ ಸೊಪ್ಪು ಹಾಕಿ ಹೊರಬಂದ ಅಕ್ಕ ಶಿವನಂಜಮ್ಮ ಛೇಡಿಸುತ್ತಾರೆ.

“ಸುಮ್ಕಿರಕ್ಕ. ಇದೂ ಕೆಟ್ರೆ ನಾನಿನ್ನು ಮಣ್ಣು ಮುಟ್ಟಾಕಿಲ್ಲ.”

ಒಳಗಿರುವುದು ಕಾಫಿ ಲೋಟಗಳು. ಕುಡಿಯಬೇಕಾದವರು ಎದುರಿಗೇ ನಿಂತಿದ್ದಾರೆ. ಕುಡಿಯುತ್ತಾರೋ ಇಲ್ಲವೋ, ಅದೇ ಪ್ರಶ್ನೆ.

ಮದುವೆಯಾಗಿ ಬೆಂಗಳೂರು ಸೇರಿದ ಸುಂದರಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಹೂ ಬಿಡಿಸುವ ಕೆಲಸಕ್ಕೆ ಸೇರಿದರು. ದಿನಕ್ಕೆ ಮುನ್ನೂರು ಕಪ್ಪು. ಹಾಲಿನಷ್ಟು ಬಿಳುಪಾಗಿದ್ದರೂ ನಮ್ಮ ಬಾಯಲ್ಲಿ ಅದು ಕಪ್ಪೇ. ಆಮೇಲೆ ಸ್ಟುಡಿಯೊಗಳಲ್ಲಿ ತಿಗರಿ ತಿರುಗಿಸಿದರು. ಮಣ್ಣಿನಿಂದ ಹೂಜಿ ಎತ್ತುವ ಕೈ ಇವರದು, ತಳದಲ್ಲಿ ಹೆಸರು ಗೀಚುವ ಕೈ ಇನ್ನೊಬ್ಬರದು. ಕೊನೆಕೊನೆಗೆ ಸ್ವಂತ ಹೆಸರಿನ ಪಾತ್ರೆಗಳೂ ಊರೂರಿನ ಪ್ರದರ್ಶನಗಳಿಗೆ ಹೋದವು. ಹುಟ್ಟಿದ ಮನೆಯ ಅಡುಗೆ ಕೋಣೆಗೆ ಮಾತ್ರ ಹೋಗಲಿಲ್ಲ.

ಕಾರಣ, ಅವ್ವ. ಲಿಂಗಪೂಜೆಯಾಗದೆ ನೀರೂ ಮುಟ್ಟದ ಹೆಂಗಸು. ಪಿಂಗಾಣಿಗೆ ಮೂಳೆ ಪುಡಿ ಬೆರೆಸುತ್ತಾರೆಂದು ಬಸ್ಸಿನಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದರು. “‘ಯಾವ್ ಮೂಳೇನೋ ಏನೋ, ಕೊಳ್ಳಲ್ಲಿರೋ ಲಿಂಗ ಒಪ್ಪದೇನೇ?’ ಅನ್ನೋಳು.” ಅವ್ವನ ದನಿ ತೆಗೆಯುವಾಗ ಸುಂದರಮ್ಮನ ಕತ್ತೂ ಎಡಕ್ಕೆ ವಾಲುತ್ತದೆ, ಹುಬ್ಬು ಮೇಲೇರುತ್ತದೆ. ಅಕ್ಕ ಬಿದ್ದು ಬಿದ್ದು ನಗುತ್ತಾರೆ. “ನಮ್ ಕಾರ್ಖಾನೇಲಿ ಮೂಳೆ ಹಾಕಾಕಿಲ್ಲ ಕಣವ್ವ ಅಂದ್ರೂ ಕೇಳ್ನಿಲ್ಲ. ನಾ ತಂದಿದ್ನೆಲ್ಲ ಅಟ್ಟದ್ ಮೇಲೆ ಹುಲ್ಲಲ್ಲಿ ಮುಚ್ಚಿಟ್ಬುಟ್ಲು. ಸಾಯೋಗಂಟ ಒಂದ್ರಲ್ಲೂ ಕುಡೀನಿಲ್ಲ.”

ಅಕ್ಕನದೂ ಅದೇ ನೇಮ, ಅದೇ ಸ್ಟೀಲ್ ಲೋಟ.

ಗಂಡ ತೀರಿಕೊಂಡ ಮೇಲೆ ಸುಂದರಮ್ಮ ಊರಿಗೆ ಮರಳಿ, ಹುಟ್ಟಿದ ಮನೆಯಲ್ಲೇ ಉಳಿದಿದ್ದ ಅಕ್ಕನ ಹಿತ್ತಿಲಲ್ಲಿ ಭಟ್ಟಿ ಹೂಡಿದರು. ಊರ ಕೆರೆಯ ಮಣ್ಣಿಗೆ ಕಾವು ತಡೆಯುವ ಬಿಳಿಮಣ್ಣು ಬೆರೆಸಿದರು. ಕಾವಿಗೆ ಕರಗಿ ಗಾಜಿನಂತೆ ಹೊಳೆಯುವ ಮೇಲ್ಮೆರುಗಿಗೆ ಹಿಪ್ಪುನೇರಳೆ ಕಡ್ಡಿಯ ಬೂದಿ. ವಿಭೂತಿ ಧರಿಸುವ ಮನೆಯಲ್ಲಿ ಬೂದಿಗೆ ಯಾರು ಬೇಡವೆಂದಾರು?

ಮೊದಲ ಸಲ ಮೆರುಗು ಮೇಣದಂತೆ ಇಳಿದು ಲೋಟಗಳೆಲ್ಲ ಭಟ್ಟಿಯ ಹಲಗೆಗೆ ಕಚ್ಚಿಕೊಂಡವು. ಉಳಿ ಹಿಡಿದು ಎಬ್ಬಿಸುತ್ತಾ ಕೂತ ತಂಗಿಯನ್ನು ಅಕ್ಕ ಕೇಳಿದರು:

“ಯಾವ್ ಕಡ್ಡಿ ಸುಟ್ಟೆ?”

“ಹುಳ ತಿಂದು ಮಿಕ್ಕಿದ್ದು.”

“ಅಯ್ಯೋ ಪೆದ್ದಿ! ಹುಳದ ಹಾಸಿಗೆಗೆ ರೋಗ ಬರ್ಬಾರ್ದು ಅಂತ ಸುಣ್ಣ ಎರಚ್ತೀವಲ್ಲೇ. ಬೆಂಗ್ಳೂರು ಸೇರಿ ಅದ್ನೂ ಮರ್ತ್‌ಬುಟ್ಯಾ?”

ಬೂದಿಯಲ್ಲಿ ಸುಣ್ಣ ಹೆಚ್ಚಾದರೆ ಮೆರುಗು ನೀರಾಗಿ ಹರಿಯುತ್ತದೆಂದು ಸುಂದರಮ್ಮನಿಗೆ ಗೊತ್ತು. ಗೊತ್ತಿಲ್ಲದೆ ಹೋದದ್ದು ತನ್ನದೇ ಮನೆಯ ಹುಳುಮನೆ. ಅವತ್ತು ಅವರು ಊಟ ಮಾಡಲಿಲ್ಲ. ಮಾರನೆಯ ಬೆಳಗ್ಗೆ ಎದ್ದು ನೋಡಿದರೆ, ಅಕ್ಕ ಮಚ್ಚು ಹಿಡಿದು ತೋಟದಲ್ಲಿ ಹಸಿ ಕಡ್ಡಿ ಸವರುತ್ತಿದ್ದರು. ಒಣಗಿಸಿ ಸುಟ್ಟವರೂ ಅವರೇ, ಬೂದಿ ಜರಡಿ ಹಿಡಿದವರೂ ಅವರೇ.

ಬಿಸಿಲೇರಿದ ಮೇಲೆ, ಕೊನೆಗೂ ಆರಿದ ಭಟ್ಟಿಯ ಬಾಗಿಲು ತೆರೆಯುತ್ತದೆ. ಒಂದು ಲೋಟ ಸೀಳಿದೆ, ಎರಡು ಸೊಟ್ಟಗಾಗಿವೆ. ಉಳಿದವು ನೆಟ್ಟಗೆ ನಿಂತಿವೆ, ಮೈತುಂಬ ಎಳೆ ಸೊಪ್ಪಿನ ಹಸಿರು.

ಅಕ್ಕ ಒಂದನ್ನು ಎತ್ತಿ ಉಗುರಿನಿಂದ ಟಣ್ಣೆನಿಸುತ್ತಾರೆ, ಮೂಸಿ ನೋಡುತ್ತಾರೆ. “ಮೂಳೆ ಗೀಳೆ ಏನಿಲ್ಲ ತಾನೇ?”

“ನೀನೇ ತಾನೇ ಜರಡಿ ಹಿಡ್ದೋಳು?”

ತೊಳೆದ ಲೋಟಕ್ಕೆ ಕಾಫಿ ಬೀಳುತ್ತದೆ. ಸುಂದರಮ್ಮ ಬೇಕೆಂದೇ ತೋಟದ ಕಡೆ ನೋಡುತ್ತಾರೆ. ಸೊರ್ ಎಂಬ ಸದ್ದು ಕೇಳಿದ ಮೇಲೆಯೇ ತಿರುಗುವುದು.

“ಸಕ್ರೆ ಸಾಲ್ದು,” ಎನ್ನುತ್ತಾರೆ ಅಕ್ಕ. ಆದರೂ ತಳ ಕಾಣುವ ತನಕ ಕುಡಿಯುತ್ತಾರೆ.

ತಂಗಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. “ಅವ್ವ ಇದ್ದಿದ್ರೆ ಇದ್ರಲ್ಲಿ ಒಂದ್ ಗುಟುಕು ಕುಡಿಯೋಳೇನಕ್ಕ?”

ಶಿವನಂಜಮ್ಮ ಖಾಲಿ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಯೋಚಿಸುತ್ತಾರೆ.

“ಕುಡೀತಿರ್ನಿಲ್ಲ ಬುಡು. ಬೆಚ್ಗೆ ಐತೆ ಅಂತ ಹಿಂಗೇ ಹಿಡ್ಕಂಡ್ ಕೂತಿರೋಳು.”