ಮುನಿರಾಜಣ್ಣನ ಕೈಗೆ ಬೀಡಿ ಕೊಟ್ಟವನು

ಮುನಿರಾಜಣ್ಣ ಮತ್ತೆ ಸೇದಲು ಶುರು ಮಾಡಿದ್ದು ನನ್ನ ಮಾತಿನಿಂದ. ಹಾಗೆಂದು ನಂಬಿದ್ದೇನೆ — ಆದರೆ ಆ ಸಂಜೆ ಯಾರು ಯಾವ ಮಾತನ್ನು ಮೊದಲು ಆಡಿದರು ಎಂದು ಈಗ ಖಾತ್ರಿಯಾಗಿ ಹೇಳಲಾರೆ. ಬೀಡಿಯ ಮಾತು ಎತ್ತಿದ್ದು ಅವರೇ ಎಂದು ನೆನಪು ಒಮ್ಮೊಮ್ಮೆ ಹೇಳುತ್ತದೆ. ನನಗೆ ಅನುಕೂಲವಾದ ನೆನಪು ಅದು. ಅದಕ್ಕೇ ನಂಬುವುದಿಲ್ಲ.

ಸಿಗರೇಟು ಬಿಡಿಸುವ ಆನ್‌ಲೈನ್ ಚಿಕಿತ್ಸೆಯ ಗುಂಪು ನಮ್ಮದು. ಶನಿವಾರ ಸಂಜೆ ಎಲ್ಲರೂ ಅವರವರ ಮನೆಯಲ್ಲೇ ಫೋನಿನ ಮುಂದೆ ಕೂರುತ್ತಿದ್ದೆವು. ನಡೆಸುತ್ತಿದ್ದವರು ಜಯನಗರದ ಕ್ಲಿನಿಕ್ಕೊಂದರ ಆಪ್ತಸಮಾಲೋಚಕಿ ಶ್ರುತಿ, ನನಗಿಂತ ತುಂಬಾ ಚಿಕ್ಕವರು. ನಾನು ಅರ್ಥಶಾಸ್ತ್ರ ಓದಿದವನು. ಹಿಂದೊಮ್ಮೆ ಬನಶಂಕರಿ, ಬಿಟಿಎಂ ಕಡೆಯ ಅಂಗಡಿಗಳ ಮುಂದೆ ನಿಂತು, ತಂಬಾಕಿನ ಬೆಲೆ ಏರಿದಾಗ ಸೇದುವವರು ಏನು ಮಾಡುತ್ತಾರೆ ಎಂದು ಸಮೀಕ್ಷೆ ಮಾಡಿದ್ದೆ. ಕೆಲವರು ಅಗ್ಗವೆಂದು ಬೀಡಿಗೆ ಇಳಿದಿದ್ದರು. ಕೆಲವರು ಪೂರ್ತಿ ಬಿಟ್ಟಿದ್ದರು. ಇಂಥ ಸಂಶೋಧನೆಗಳನ್ನು ಓದಿಕೊಂಡೇ ಶ್ರುತಿ ಒಂದು ಉಪಾಯ ಹೂಡಿದ್ದರು — ಅಂಗಡಿಯಲ್ಲಿ ಬೆಲೆ ಏರಿದ ದಿನವನ್ನೇ ಬಿಡುವ ದಿನ ಮಾಡಿಕೊಳ್ಳಿ ಎಂದು.

ಆ ಉಪಾಯ ನಾಟಿದ್ದು ಮುನಿರಾಜಣ್ಣನಿಗೆ. ಯಡಿಯೂರಿನ ಹಳೇ ಮನೆತನ ಅವರದು. ಅಪ್ಪ ಸೊಪ್ಪು ಬೆಳೆದ ನೆಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಮುನಿರಾಜಣ್ಣನ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಇನ್ನೂ ಸೇದಿದರೆ ಕಾಲು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಹೆದರಿಕೆಗೆ ಬಿಡದವರು, ಬೆಲೆ ಏರಿದ್ದೇ ತಡ, ಹಟಕ್ಕೆ ಬಿದ್ದು ಸಿಗರೇಟು ಬಿಟ್ಟರು.

“ದುಡ್ಡಿಲ್ಲ ಅಂತಲ್ಲ ಮೇಡಂ. ಅದೇ ಸಿಗರೇಟು, ಅದೇ ಹೊಗೆ. ನೆನ್ನೆಗಿಂತ ಜಾಸ್ತಿ ಯಾಕ್ ಕೊಡ್ಲಿ? ಕೇಳಿದಷ್ಟು ಕೊಡೋಕೆ ನಾನೇನ್ ಬಾಡಿಗೆಗಿದೀನಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ, ಕ್ಯಾಮೆರಾ ಆಫ್ ಮಾಡಿಕೊಂಡು. ಕೈಯಲ್ಲಿ ಸಿಗರೇಟು ಉರಿಯುತ್ತಿತ್ತು. ಬಿಟ್ಟಿದ್ದೇನೆ ಎಂದು ಗುಂಪಿಗೆ ಸುಳ್ಳು ಹೇಳಿದ್ದೆ. ಇಷ್ಟು ಓದಿ ನನಗಾಗದ್ದು, ಬರೀ ಜಿಪುಣತನದಿಂದ ಇವರಿಗಾಯಿತಲ್ಲ — ಆ ಹೊಟ್ಟೆಕಿಚ್ಚನ್ನು ನೆನೆದರೆ ಈಗಲೂ ಬಾಯಿಗೆ ಬೂದಿಯ ರುಚಿ ಬರುತ್ತದೆ.

ಅದೇ ಹೊತ್ತಿಗೆ ಶ್ರುತಿ ನನ್ನನ್ನು ಕೇಳಿದರು. “ಸಾರ್, ಬೆಲೆ ಏರಿದಾಗ ಜನ ಬಿಡ್ತಾರೆ ಅಂತ ನಿಮ್ಮ ಸರ್ವೇಲೂ ಬಂತಲ್ವಾ? ಸ್ವಲ್ಪ ಹೇಳಿ, ಎಲ್ರಿಗೂ ಧೈರ್ಯ ಬರುತ್ತೆ.”

“ಯಾರೂ ಬಿಡಲ್ಲ ಮೇಡಂ,” ಎಂದೆ. “ಬೀಡಿಗೆ ಹೋಗ್ತಾರೆ, ಅಷ್ಟೆ.”

ಮುನಿರಾಜಣ್ಣ ಗಹಗಹಿಸಿದರು. “ನೋಡಿ ಮೇಡಂ, ಓದಿರೋ ಮೇಷ್ಟ್ರೇ ಹೇಳ್ತಾವ್ರೆ. ಬೀಡಿ ಐತಲ್ಲ, ನಂಗೆ ಹೊಳೀಲೇ ಇಲ್ಲ.”

ಶ್ರುತಿ ನಗಲಿಲ್ಲ. “ಸಾರ್, ಅದು ಪೂರ್ತಿ ವಿಷ್ಯ ಅಲ್ಲ ಅಲ್ವಾ?”

“ಪೂರ್ತೀನೇ ಮೇಡಂ.”

ಬಿಟ್ಟವರ ಬಗ್ಗೆ ವರದಿಯಲ್ಲಿ ಬರೆದವನು ನಾನೇ. ಗೊತ್ತಿದ್ದೂ ಹೇಳಿದೆ. ಚಿಕ್ಕ ಹುಡುಗಿಯೊಬ್ಬಳ ಬಾಯಿ ಮುಚ್ಚಿಸಿದ ಖುಷಿ — ಅದೂ ಇತ್ತು, ಇರಲಿಲ್ಲ ಎನ್ನಲಾರೆ.

ಮುಂದಿನ ಶನಿವಾರ ಫೋನಿನ ಪರದೆಯಲ್ಲಿ ಮುನಿರಾಜಣ್ಣನ ಚೌಕದಲ್ಲಿ ಅವರ ಹೆಂಡತಿ ಜಯಮ್ಮನ ಮುಖ ಕಂಡಿತು. “ಅವ್ರು ಬರಲ್ಲ ಮೇಡಂ. ಬೀಡಿ ಹಚ್ಕೊಂಡು ಜಗಲಿ ಮೇಲೆ ಕೂತವ್ರೆ. ಯಾರೋ ಸಾರ್ ಹೇಳಿದ್ರಂತೆ.” ನಾನು ಮ್ಯೂಟ್ ತೆಗೆಯಲಿಲ್ಲ. ಆ ವಾರದ ನಂತರ ಗುಂಪಿಗೂ ಹೋಗಲಿಲ್ಲ. ಕೆಲವು ತಿಂಗಳಲ್ಲಿ ಮುನಿರಾಜಣ್ಣನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಆಮೇಲೆ ವರ್ಷಗಟ್ಟಲೆ ನನ್ನೊಳಗೇ ವಕೀಲಿಕೆ ನಡೆಸಿದೆ. ಕಾಯಿಲೆ ಮೊದಲೇ ಇತ್ತು. ಅವರು ಕದ್ದು ಸೇದುತ್ತಲೇ ಇದ್ದಿರಬಹುದು — ನಾನೂ ಹಾಗೇ ಸೇದುತ್ತಿರಲಿಲ್ಲವೇ? ಒಂದು ಮಾತಿಗೆ ಕಾಲು ಹೋಗುತ್ತದೆಯೇ, ಪುರಾವೆ ಎಲ್ಲಿ? ವಿಶ್ವವಿದ್ಯಾಲಯದಲ್ಲಿ ಕಲಿತ ಅನುಮಾನವನ್ನೆಲ್ಲ ಹೀಗೆ ಹೊಲಸು ಮುಚ್ಚಲು ಬಳಸಿದೆ.

ಕಳೆದ ತಿಂಗಳು ಯಡಿಯೂರಿಗೆ ಹೋದೆ. ಮುನಿರಾಜಣ್ಣ ಜಗಲಿಯ ಮೇಲೆ ಪಂಚೆಯಡಿ ಮೋಟುಕಾಲು ಚಾಚಿ ಕೂತಿದ್ದರು. “ಏನ್ ಮೇಷ್ಟ್ರೇ, ದಾರಿ ತಪ್ಪಿ ಬಂದ್ರಾ?” ಎಂದು ನಕ್ಕರು. ಸುಳ್ಳು ಹೇಳಿದ್ದೆ ಎಂದೆ, ವರದಿಯಲ್ಲಿ ಏನಿತ್ತು ಎಂಬುದನ್ನೂ ಹೇಳಿದೆ. ಅವರ ನಗು ನಿಂತಿತು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು — ಅದೂ ನನ್ನ ಆಸೆಯೇ.

“ಆ ಶನಿವಾರಕ್ಕೆ ಮುಂಚೆ ಒಂದಾದ್ರೂ ಸೇದಿದ್ರಾ ಅಣ್ಣ?” ಎಂದು ಕೇಳಿದೆ.

ಅವರು ಬೀದಿಯ ಕಡೆ ಮುಖ ತಿರುಗಿಸಿದರು. ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಜಯಮ್ಮನಿಂದ.

“ರೇಟ್ ಏರಿದ್ಮೇಲೆ ಮುಟ್ಟಿರ್ಲಿಲ್ಲ ಸಾರ್. ಆವತ್ತು ನಿಮ್ ಮೀಟಿಂಗ್ ಇನ್ನೂ ಮುಗ್ದಿರ್ಲಿಲ್ಲ. ಫೋನ್ ಹಿಡ್ಕೊಂಡೇ ಮೂಲೆ ಅಂಗಡಿಗೆ ಹೋದ್ರು, ತಡಿಯೋಕೆ ಅಂತ ಹಿಂದೇನೇ ಓಡ್ದೆ. ಇವ್ರು ಬೀಡಿ ಹಚ್ತಾವ್ರೆ, ಫೋನಲ್ಲಿ ಆ ಮೇಡಂ ಇನ್ನೂ ಮಾತಾಡ್ತಾನೇ ಅವ್ರೆ.”