ಮುಖ ನೋಡಿ ಟೈಪು ಮಾಡುತ್ತಿದ್ದ ಮಾಸ್ಟ್ರು

ಮಾಸ್ಟ್ರ ಕೊರಳ ಬುಡದಲ್ಲಿ, ಅಂಗಿಯ ಮೇಲಿನ ಗುಂಡಿ ಬರುವ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ತೂತು ಇತ್ತು. ಅದರ ಮೇಲೆ ತೆಳುವಾದ ಬಿಳಿ ಬಟ್ಟೆಯೊಂದನ್ನು ಮಕ್ಕಳ ಜೊಲ್ಲುಬಟ್ಟೆಯ ಹಾಗೆ ಕಟ್ಟಿಕೊಳ್ಳುತ್ತಿದ್ದರು. ಉಸಿರು ಎಳೆದಾಗ ಬಟ್ಟೆ ಒಳಕ್ಕೆ ಅಂಟುತ್ತಿತ್ತು, ಬಿಟ್ಟಾಗ ಉಬ್ಬುತ್ತಿತ್ತು. ಅವರಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುತ್ತಿದ್ದುದು ಮುಖದಲ್ಲಲ್ಲ, ಆ ಬಟ್ಟೆಯಲ್ಲಿ. ನಗು ಬಂದರೂ ಅಷ್ಟೇ, ಬಟ್ಟೆ ಪಟಪಟ ಹಾರುತ್ತಿತ್ತು.

ಕಾಸರಗೋಡಿನ ಹತ್ತಿರದ ಸೀತಾಂಗೋಳಿಯಿಂದ ಸ್ವಲ್ಪ ಒಳಗಿನ ಶಾಲೆಗೆ ನಾನು ಕಂಪ್ಯೂಟರ್ ಟೀಚರಾಗಿ ಸೇರಿದಾಗ ಅವರು ಅಲ್ಲಿ ಕನ್ನಡ ಮಾಸ್ಟ್ರು. ಆಗ ಈ ಬಟ್ಟೆ ಇರಲಿಲ್ಲ, ಸ್ವರ ಇತ್ತು. ಎಂಥ ಸ್ವರ ಅಂತೀರಿ! ಅವರು ಹತ್ತನೇ ತರಗತಿಗೆ ಪಾಠ ಮಾಡಿದರೆ ಗೇಟಿನ ಹೊರಗೆ ಬಸ್ಸು ಕಾಯುವವರಿಗೂ ಪಾಠ ಆಗುತ್ತಿತ್ತು. ನನ್ನ ಲ್ಯಾಬು ಪಕ್ಕದ ಕೋಣೆ. ನನಗೋ ಗಟ್ಟಿ ಮಾತು ಕೇಳಿದರೆ ತಲೆ ಸಿಡಿಯುತ್ತದೆ. ಒಂದು ದಿನ ಹೋಗಿ ಹೇಳಿಯೇಬಿಟ್ಟೆ.

"ಮಾಸ್ಟ್ರೇ, ಸ್ವಲ್ಪ ಮೆಲ್ಲ ಮಾತಾಡ್ಲಿಕ್ಕೆ ಆಗುದಿಲ್ವಾ? ನನ್ನ ಮಕ್ಕಳು ಮೌಸ್ ಹಿಡ್ಕೊಂಡು ನಿಮ್ಮ ಪಾಠ ಕೇಳ್ತಾ ಕೂತಿದ್ದಾರೆ."

"ಕೇಳ್ಲಿ ಟೀಚರ್! ನಿಮ್ಮ ಪೆಟ್ಟಿಗೆಗೆ ಎಂತ ಬಾಯಿ ಉಂಟಾ? ಪಾಪ, ಮಕ್ಕಳಿಗೆ ಏನಾದ್ರೂ ಕೇಳ್ಬೇಕಲ್ಲ!" ಎಂದು ಅವರು ಇನ್ನೂ ಗಟ್ಟಿಯಾಗಿ ಹೇಳಿದರು. ತರಗತಿ ಹೋ ಎಂದು ನಕ್ಕಿತು. ನಾನು ಉರಿದುಕೊಂಡು ವಾಪಸು ಬಂದೆ.

ಆ ಸ್ವರ ಶಾಲೆಗಿಂತ ಹೆಚ್ಚು ಪಳಗಿದ್ದು ತಾಳಮದ್ದಳೆಯಲ್ಲಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಬಿಳಿ ಪಂಚೆ ಉಟ್ಟು ಎದುರುಬದುರು ಕುಳಿತ ಅರ್ಥಧಾರಿಗಳು ತಮ್ಮ ಪಾತ್ರವಾಗಿ ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಬರೆದುಕೊಂಡು ಬಂದದ್ದಲ್ಲ, ಅಲ್ಲೇ ಹುಟ್ಟಿದ ಮಾತು. ಎದುರಿನವನು ಹೇಳಿದ್ದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು, ಇಲ್ಲದಿದ್ದರೆ ಸೋತ ಹಾಗೆ. ಮಾಸ್ಟ್ರ ಎದುರಿಗೆ ಹೆಚ್ಚಾಗಿ ಕೂರುತ್ತಿದ್ದವರು ಕಾಸರಗೋಡಿನ ಒಬ್ಬರು ವಕೀಲರು. ಇಬ್ಬರೂ ವೇದಿಕೆಯಲ್ಲಿ ಕಚ್ಚಾಡಿ, ಕೆಳಗಿಳಿದ ಮೇಲೆ ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದರು.

ಆಮೇಲೆ ಗಂಟಲಿನ ಕಾಯಿಲೆ ಬಂತು. ತೆಂಕು ದಿಕ್ಕಿಗೆ ದೂರದ, ಮಲಯಾಳ ಮಾತಿನ ಊರಿನ ಆಸ್ಪತ್ರೆಯಲ್ಲಿ ಸ್ವರದ ಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಮರಳಿ ಶಾಲೆಗೆ ಬಂದಾಗ ಅವರ ಕೈಯಲ್ಲಿ ಒಂದು ಸ್ಲೇಟು ಇತ್ತು, ಕೊರಳಲ್ಲಿ ಬಿಳಿ ಬಟ್ಟೆ. ಎಲ್ಲರೂ ಅವರ ಹತ್ತಿರ ಮೆಲ್ಲಗೆ, ಮಗುವಿನೊಂದಿಗೆ ಮಾತಾಡಿದ ಹಾಗೆ ಮಾತಾಡತೊಡಗಿದರು. ನನಗೇ ನೋಡಲಿಕ್ಕಾಗುತ್ತಿರಲಿಲ್ಲ, ಅವರಿಗೆ ಹೇಗಾಗಿರಬೇಡ!

ಒಂದು ವಾರ ಕಳೆಯುವುದರೊಳಗೆ ಸ್ಲೇಟು ಮೂಲೆಗೆ ಹೋಯಿತು. ಕೊರಳಿಗೆ ಒತ್ತಿ ಹಿಡಿದರೆ ಸ್ವರ ಕೊಡುವ ಯಂತ್ರವೊಂದನ್ನು ಆಸ್ಪತ್ರೆಯವರು ತೋರಿಸಿದ್ದರಂತೆ. ತಗಡಿನ ಡಬ್ಬಿಯೊಳಗೆ ದುಂಬಿ ಸಿಕ್ಕಿಬಿದ್ದ ಹಾಗೆ ಕೇಳಿಸಿತೆಂದು ಅದನ್ನೂ ಅವರು ಬೇಡವೆಂದಿದ್ದರು. ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಲ್ಯಾಬಿಗೆ ಬಂದು, ಕಂಪ್ಯೂಟರಿನ ಕಡೆ ಬೆರಳು ತೋರಿಸಿ, ಮತ್ತೆ ತನ್ನ ಬಾಯಿಯ ಕಡೆ ತೋರಿಸಿದರು.

"ಈಗ ಪೆಟ್ಟಿಗೆಯ ಬಾಯಿ ಬೇಕಾಯ್ತಾ ಮಾಸ್ಟ್ರೇ?" ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಬೇಕೆಂದೇ ಹೇಳಿದ್ದು. ಬಟ್ಟೆ ಪಟಪಟ ಹಾರಿತು. ಆಪರೇಷನ್ ಆದ ಮೇಲೆ ಅವರನ್ನು ತಮಾಷೆ ಮಾಡಿದವಳು ನಾನೇ ಮೊದಲಂತೆ. ಆಮೇಲೆ ಟೈಪು ಮಾಡಿ ಹೇಳಿದರು.

ನಾನು ವರ್ಡ್ ಪ್ರೊಸೆಸರ್ ತೆರೆದು ತೋರಿಸಿದೆ. ಬಿಳಿ ಪುಟ ಬಂದು ಕರಿಗೆರೆ ಮಿಣಮಿಣ ಮಾಡಿತು. ನಮ್ಮ ಶಾಲೆಯಲ್ಲಿ ಮಲಯಾಳ ಮಕ್ಕಳೂ ಕನ್ನಡ ಮಕ್ಕಳೂ ಕಲಿಯುತ್ತಿದ್ದುದು ಒಂದೇ ಕೀಲಿಮಣೆಯ ಕ್ರಮ. ಮಲಯಾಳದ 'ಕ' ಯಾವ ಕೀಲಿಯಲ್ಲಿ ಉಂಟೋ ಕನ್ನಡದ 'ಕ' ಕೂಡ ಅದರಲ್ಲೇ. ಭಾಷೆ ಯಾವುದೆಂದು ಮೇಲೆ ಒಂದು ಕಡೆ ಒತ್ತಿ ಹೇಳಿದರೆ ಸಾಕು, ಬೆರಳಿಗೆ ಎಲ್ಲ ಒಂದೇ. ಮಾಸ್ಟ್ರು ಎರಡನೇ ದಿನವೇ ಹೆಗಲ ಮೇಲಿನ ತೋರ್ತು ಟವೆಲು ತೆಗೆದು ಕೀಲಿಮಣೆಗೆ ಹೊದಿಸಿದರು, ಅದರೊಳಗೆ ಕೈ ತೂರಿಸಿ ಕಲಿಯತೊಡಗಿದರು.

"ನೋಡಿ ಕಲೀರಿ ಮಾಸ್ಟ್ರೇ, ಎಂತ ಅವಸರ?"

ತುಂಬಾ ಹೊತ್ತು ತಡವಿ ತಡವಿ ಅವರು ಹೊಡೆದದ್ದು ಇಷ್ಟು: "ಸ್ಲೇಟಿನಲ್ಲಿ ತಲೆ ತಗ್ಗಿಸಿ ಬರೆಯಬೇಕು. ಮುಖ ನೋಡದೆ ಆಡಿದ್ದು ಮಾತಾ ಟೀಚರ್?"

ಆಗ ನನಗೆ ಅರ್ಥವಾಯಿತು. ಅವರಿಗೆ ಬೇಕಾದದ್ದು ಬರೆಯುವುದಲ್ಲ, ಉತ್ತರ ಕೊಡುವುದು. ಎದುರಿನವರ ಮುಖ ನೋಡಿಕೊಂಡು, ತಡಮಾಡದೆ, ಯಾರ ಕನಿಕರವೂ ಇಲ್ಲದೆ, ಮೊದಲಿನ ಹಾಗೆ ಉತ್ತರ ಕೊಡುವುದು. ಆ ಮಳೆಗಾಲವಿಡೀ ಮಧ್ಯಾಹ್ನದ ಊಟವನ್ನು ಅರ್ಧಕ್ಕೆ ಬಿಟ್ಟು ಅವರು ಕಲಿತರು. ಮಳೆ ಬಿಟ್ಟು ಬಿಸಿಲು ಏರುವ ಹೊತ್ತಿಗೆ ನಾನು ಮಾತಾಡಿ ಮುಗಿಸುವಷ್ಟರಲ್ಲಿ ಅವರ ಉತ್ತರ ಸ್ಕ್ರೀನಿನ ಮೇಲೆ ಇರುತ್ತಿತ್ತು. ಕಣ್ಣು ಮಾತ್ರ ನನ್ನ ಮುಖದಿಂದ ಕದಲುತ್ತಿರಲಿಲ್ಲ. ನಾನು ಸುಲಭಕ್ಕೆ ಬೆರಗಾಗುವವಳಲ್ಲ, ಆದರೆ ಮೈ ಜುಮ್ಮೆಂದಿತು.

ಆಮೇಲೆ ಅವರು ಎಲ್ಲಿ ಹೋದರೂ ಮೊದಲು ಹುಡುಕುತ್ತಿದ್ದುದು ಒಂದು ಕಂಪ್ಯೂಟರು. ಬ್ಯಾಂಕಿನ ಮ್ಯಾನೇಜರರ ಮೇಜಿನ ಆಚೆ ಬದಿಗೆ ಹೋಗಿ, ಕೈಮುಗಿದು, ಅವರದ್ದೇ ಕುರ್ಚಿಯಲ್ಲಿ ಕುಳಿತು ಬಿಳಿ ಪುಟ ತೆರೆಯುತ್ತಿದ್ದರು. ಯಾವ ಯಂತ್ರವೇ ಆಗಲಿ ಮೊದಲು ಟೈಪು ಮಾಡುವುದು ಒಂದೇ ಮಾತು: "ಕೇಳ್ತದಾ?" ಮೈಕಿಗೆ ಬೆರಳು ಬಡಿದು ಕೇಳುವವರ ಹಾಗೆ. ಎದುರಿನವರು "ಕೇಳ್ತದೆ, ಕೇಳ್ತದೆ" ಎಂದ ಮೇಲೆಯೇ ಮುಂದಿನ ಮಾತು. ದೂರದ ಆಸ್ಪತ್ರೆಗೆ ತಪಾಸಣೆಗೆ ಹೋದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡವೇ ಇರಲಿಲ್ಲ. ಇವರು ಮಲಯಾಳದಲ್ಲೇ ಡಾಕ್ಟರ ಜೊತೆ ಜಗಳಾಡಿ ಬಂದರು.

ಮೊಗ್ರಾಲಿನಲ್ಲಿ ಅವರ ನೆರೆಮನೆಯ ಮುಸ್ಲಿಮರಾದ ಬ್ಯಾರಿಯೊಬ್ಬರು ಗಲ್ಫಿನಿಂದ ರಜೆಯಲ್ಲಿ ಬಂದಾಗ ತಂದ ಲ್ಯಾಪ್‌ಟಾಪಿನ ಕಥೆಯನ್ನು ಆ ಬ್ಯಾರಿಯೇ ನನಗೆ ಹೇಳಿದರು. "ಎಲ್ಲ ಅರಬಿಯಲ್ಲಿ ಟೀಚರ್. ಎಡದಲ್ಲಿ ಇರ್ಬೇಕಾದ್ದು ಬಲದಲ್ಲಿ. ನನ್ನ ಹೆಂಡತಿಗೇ ತಲೆಬುಡ ಗೊತ್ತಾಗುದಿಲ್ಲ. ಮಾಸ್ಟ್ರು ಒಂದು ಗಳಿಗೆ ನೋಡಿದ್ರು, ಮೌಸನ್ನು ಸೀದಾ ಬಲಕ್ಕೆ ತಕೊಂಡು ಹೋದ್ರು, ಪುಟ ತೆರೆದೇಬಿಟ್ರು ಮಾರಾಯ್ರೇ! ಕನ್ನಡ ಸಿಕ್ಕಲಿಲ್ಲ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದದ್ದು ಎಂತ ಗೊತ್ತುಂಟಾ? ಮೀನು ಸಾರಿನ ಪರಿಮಳ ಬರ್ತಾ ಉಂಟು, ನಾನು ಬ್ರಾಹ್ಮಣ, ಕಿಟಕಿ ಹಾಕಿ ಅಂತ!" ಇಬ್ಬರೂ ಮೂವತ್ತು ವರ್ಷದ ನೆರೆಯವರು. ಆ ಕಿಟಕಿಯ ತಮಾಷೆ ಅವರೊಳಗೆ ಹಳೆಯದು.

ಒಂದು ವರ್ಷ ಎಡನೀರಿನ ಹತ್ತಿರದ ಸಭಾಭವನದಲ್ಲಿ ಭಾನುವಾರ ಮಧ್ಯಾಹ್ನ ತಾಳಮದ್ದಳೆ ಇಟ್ಟುಕೊಂಡಿದ್ದರು. ಮಾಸ್ಟ್ರಿಗೆ ಸನ್ಮಾನ ಮಾಡುವುದೆಂದು ಸಂಘಟಕರು ಶಾಲೆಗೇ ಬಂದರು. ಮಾಸ್ಟ್ರು ಅವರನ್ನು ಲ್ಯಾಬಿಗೆ ಕರೆತಂದು ಟೈಪು ಮಾಡಿದರು: "ಶಾಲು ಮನೆಯಲ್ಲಿ ಬೇಕಾದಷ್ಟುಂಟು. ಒಂದು ಪಾತ್ರ ಕೊಡಿ."

ಸಂಘಟಕರು ಮುಖ ಮುಖ ನೋಡಿಕೊಂಡರು. "ಅದು ಹೇಗೆ ಮಾಸ್ಟ್ರೇ... ಬೇಕಾದ್ರೆ ನೀವು ಬರೆದದ್ದನ್ನು ಯಾರಾದ್ರೂ ಓದಿದ್ರೆ..."

"ಬೇಡ. ಆಗ ಓದುವವನು ಅರಸ, ನಾನು ಅವನ ಗುಮಾಸ್ತ. ಪ್ರೊಜೆಕ್ಟರ್ ಇಡಿ, ಗೋಡೆಯಲ್ಲಿ ಅಕ್ಷರ ಬರಲಿ. ಜನ ಓದಲಿ."

ವಿಷಯ ವಕೀಲರಿಗೆ ಹೋಯಿತು. ಅವರು ನನಗೇ ಫೋನು ಮಾಡಿದರು. "ಟೀಚರ್, ಎದುರು ನಾನೇ ಕೂತ್ಕೊಳ್ತೇನೆ ಅಂತ ಹೇಳಿ. ಆದರೆ ಕನಿಕರ ಗಿನಿಕರ ಎಲ್ಲ ಇಲ್ಲ, ಅದನ್ನೂ ಹೇಳಿ." ನಾನು ಹಾಗೇ ಹೇಳಿದೆ. ಮಾಸ್ಟ್ರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಆ ದಿನ ಸಭಾಭವನ ಕಿಕ್ಕಿರಿದಿತ್ತು. ವಕೀಲರದ್ದು ಸಂಧಾನಕ್ಕೆ ಬಂದ ದೂತನ ಪಾತ್ರ, ಮಾಸ್ಟ್ರದ್ದು ಹಠದ ಅರಸನ ಪಾತ್ರ. ನನ್ನ ಗ್ರಹಚಾರಕ್ಕೆ ಶಾಲೆಯ ಲ್ಯಾಪ್‌ಟಾಪು ಅಲ್ಲಿನ ಪ್ರೊಜೆಕ್ಟರಿಗೆ ಸೇರಲೇ ಇಲ್ಲ. ಸಿಕ್ಕಿಸಿ ತೆಗೆದು ಸಿಕ್ಕಿಸಿ ಬೆವರಿಳಿಯಿತು. ಕೊನೆಗೆ ಆಫೀಸು ಕೋಣೆಯ ಕಂಪ್ಯೂಟರನ್ನೇ ಹೊತ್ತುಕೊಂಡು ಬಂದರು. ಚೆಂಡೆ ಶುರುವಾಗಿತ್ತು. ಮಾಸ್ಟ್ರು ತಾವೇ ವರ್ಡ್ ಪ್ರೊಸೆಸರ್ ತೆರೆದು, ಅಕ್ಷರ ದೊಡ್ಡದು ಮಾಡಿ, ಕೀಲಿಮಣೆಯನ್ನು ಮಡಿಲಿಗೆಳೆದುಕೊಂಡರು. ಪರೀಕ್ಷಿಸಿ ನೋಡಲು ಪುರುಸೊತ್ತಿರಲಿಲ್ಲ, ಭಾಗವತರು ಪದ್ಯ ಎತ್ತಿಯಾಗಿತ್ತು.

ವಕೀಲರು ಸುಮ್ಮನೆ ಬಿಡುವ ಜನವಾ? ದೀರ್ಘವಾಗಿ ಮಾತಾಡಿ, ಕೊನೆಗೆ ಎದುರಿನ ಕೊರಳ ಬಟ್ಟೆಯನ್ನೇ ನೋಡುತ್ತಾ ಹೇಳಿದರು: "ಅರಸಾ, ನಾನು ಇಷ್ಟು ಹೇಳಿದೆ. ನೀನು ಬಾಯಿ ತೆರೆಯಲಿಲ್ಲ. ಸೋತನೆಂದು ಹೋಗಿ ಹೇಳಲೇ?"

ನನ್ನ ಪಕ್ಕದ ಹೆಂಗಸೊಬ್ಬರು "ಛೆ ಛೆ, ಹೀಗಾ ಹೇಳುದು" ಎಂದು ಕಣ್ಣೊರೆಸಿಕೊಂಡರು. ಆದರೆ ನಾನು ಮಾಸ್ಟ್ರ ಮುಖ ನೋಡುತ್ತಿದ್ದೆ. ಅಷ್ಟು ಬೆಳಗಿದ ಮುಖವನ್ನು ಆಪರೇಷನ್ ಆದ ಮೇಲೆ ನಾನು ಕಂಡೇ ಇರಲಿಲ್ಲ. ವಕೀಲರ ಕಣ್ಣಿನಲ್ಲಿ ಕಣ್ಣಿಟ್ಟು ಅವರ ಬೆರಳು ಓಡಿತು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಅಕ್ಷರ ಮೂಡಿತು.

ಮಲಯಾಳ ಅಕ್ಷರ!

ಆಫೀಸಿನ ಕಂಪ್ಯೂಟರಿನಲ್ಲಿ ಭಾಷೆ ಮಲಯಾಳಕ್ಕೇ ಇಟ್ಟದ್ದು ಇಟ್ಟ ಹಾಗೇ ಇತ್ತು. ಬೆರಳು ಆಡಿದ್ದು ಅಪ್ಪಟ ಕನ್ನಡ, ಗೋಡೆಗೆ ಬಂದದ್ದು ಮಲಯಾಳ ಲಿಪಿ. ಮಲಯಾಳದ ರಾಜ್ಯಕ್ಕೆ ಸೇರಿಹೋದ ನಮ್ಮ ಕನ್ನಡದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಕಚೇರಿಯಲ್ಲಿ ಕನ್ನಡ ಬೇಕೆಂದು ಬಿಸಿಲಲ್ಲಿ ಧರಣಿ ಕೂತ ಜನ ಇವರು, ಮಾಸ್ಟ್ರೂ ಅವರ ಜೊತೆ ಕೂತವರೇ. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತು, "ಎಂತ ಇದು? ಇಲ್ಲಿಯೂ ಮಲಯಾಳವಾ?" ಎಂದು ಕೂಗಿದರು. ಗುಜುಗುಜು ಎದ್ದಿತು. ನಾನು ಓಡಿಹೋಗಿ ಭಾಷೆ ಬದಲಿಸಲು ಕೈ ಚಾಚಿದೆ. ಮಾಸ್ಟ್ರು ತಿರುಗಿ ಗೋಡೆ ನೋಡಿದರು. ಕೊರಳ ಬಟ್ಟೆ ಅಲುಗದೆ ನಿಂತಿತು.

ಅಷ್ಟರಲ್ಲಿ ವಕೀಲರ ಸ್ವರ ಕೇಳಿಸಿತು. ಕೋರ್ಟಿನಲ್ಲಿ ದಿನಾ ಮಲಯಾಳ ಓದುವವರು ಅವರು. ತಾಳಮದ್ದಳೆಯಲ್ಲಿ ಎದುರಿನವನ ಮಾತನ್ನು ಖಂಡಿಸುವ ಮೊದಲು 'ನೀನು ಹೀಗೆಂದೆಯಲ್ಲ' ಎಂದು ಅದನ್ನೇ ಒಮ್ಮೆ ಎತ್ತಿ ಹೇಳುವ ಕ್ರಮವುಂಟು. ವಕೀಲರು ಆ ಕ್ರಮ ಹಿಡಿದರು. "ಏನೆಂದೆ ಅರಸಾ? 'ಸೋತು ಸುಮ್ಮನಾದದ್ದಲ್ಲ ದೂತಾ. ನಿನ್ನ ಮಾತು ಮುಗಿಯಲಿ ಎಂದು ಕಾದೆ. ಅರಸನ ಮನೆಯಲ್ಲಿ ಮೊದಲು ಬಡಿಸುವುದು ಅತಿಥಿಗೆ' ಎಂದೆಯಾ?"

ಅವರು ಅದನ್ನು ಬರೀ ಓದಿ ಹೇಳಿದ್ದಲ್ಲ. ಇಪ್ಪತ್ತು ವರ್ಷ ಎದುರು ಕೂತು ಕೇಳಿದವರು. ಮಾಸ್ಟ್ರು ಎಲ್ಲಿ ಎಳೆಯುತ್ತಿದ್ದರೋ ಅಲ್ಲಿ ಎಳೆದರು, ಎಲ್ಲಿ ಇಳಿಸುತ್ತಿದ್ದರೋ ಅಲ್ಲಿ ಇಳಿಸಿದರು, 'ಅತಿಥಿಗೆ' ಎನ್ನುವಲ್ಲಿ ಅವರ ಹಾಗೇ ಒಂದು ಕ್ಷಣ ತಡೆದರು. ಅಯ್ಯೋ ದೇವರೇ, ಗೋಡೆಯಾಚೆಯಿಂದ ನನ್ನ ತಲೆ ಸಿಡಿಸುತ್ತಿದ್ದ ಅದೇ ಸ್ವರ! ಎದ್ದು ನಿಂತಿದ್ದವರು ನಿಂತಲ್ಲೇ ಕೈಮುಗಿದರು. ಚಪ್ಪಾಳೆಯಲ್ಲ, ಮೊದಲು ಒಂದು ನಿಟ್ಟುಸಿರು ಬಂತು ಸಭೆಯಿಂದ.

ನನ್ನ ಕೈ ಇನ್ನೂ ಮೌಸಿನ ಮೇಲಿತ್ತು. ಮಾಸ್ಟ್ರು ಅದನ್ನು ಮೆಲ್ಲನೆ ಎತ್ತಿ ಬದಿಗಿಟ್ಟರು. ಪ್ರಸಂಗ ಮುಗಿಯುವವರೆಗೂ ಗೋಡೆಯಲ್ಲಿ ಮಲಯಾಳ ಅಕ್ಷರವೇ ಬಂತು. ಪ್ರತಿ ಉತ್ತರವನ್ನೂ ವಕೀಲರು ಎತ್ತಿ ಹೇಳಿ ಖಂಡಿಸಿದರು, ಎರಡು ಕಡೆ ಖಂಡಿಸಲಾಗದೆ ನಕ್ಕುಬಿಟ್ಟರು. ಮರುದಿನ ನಾನು ಕೇಳಿದೆ, "ಭಾಷೆ ಬದಲಿಸ್ಲಿಕ್ಕೆ ಯಾಕೆ ಬಿಡ್ಲಿಲ್ಲ? ಒಂದು ಕ್ಲಿಕ್ಕಿನ ಕೆಲಸ."

"ಕನ್ನಡ ಬಂದಿದ್ದರೆ ಜನ ಗೋಡೆ ಓದುತ್ತಿದ್ದರು. ಅವ ಎತ್ತಿ ಹೇಳಬೇಕಾಗಿರಲಿಲ್ಲ. ನನ್ನ ಸ್ವರ ನನಗೂ ಒಮ್ಮೆ ಕೇಳಬೇಕಿತ್ತು ಟೀಚರ್."

ಅದನ್ನು ಟೈಪು ಮಾಡುವಾಗಲೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನೇ ಮುಖ ತಿರುಗಿಸಿದೆ.

ಮಾಸ್ಟ್ರು ನಿವೃತ್ತರಾದ ಮೇಲೆ ಫೋನಿನಲ್ಲೂ ಬಿಳಿ ಪುಟ ಸಿಗುವ ಕಾಲ ಬಂತು. ಎಲ್ಲರೂ ತಲೆ ತಗ್ಗಿಸಿ ಬೆರಳಾಡಿಸುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬ್ಯಾರಿ ತಂದುಕೊಟ್ಟ ಅಂಗೈಯಗಲದ ಕೀಲಿಮಣೆಯೊಂದನ್ನು ಫೋನಿಗೆ ಜೋಡಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೂ ಮುಖ ನೋಡಿಯೇ ಮಾತಾಡಿದರು. ವಕೀಲರ ಜೊತೆ ಮತ್ತೂ ಹಲವು ಕೂಟಗಳಾದವು. ಕಾಯಿಲೆ ಎರಡನೇ ಸಲ ಬಂದಾಗ ಮಾತ್ರ ಬಿಡಲಿಲ್ಲ.

ನುಡಿನಮನದ ಸಭೆ ಶಾಲೆಯಲ್ಲೇ ನಡೆಯಿತು. ಹೊಗಳಿದವರು ಬಹಳ ಜನ. ವಕೀಲರು ಕೊನೆಗೆ ಎದ್ದು, ಮೈಕಿನ ಮುಂದೆ ನಿಂತು, ಎದುರಿಗೆ ಯಾರೋ ಕೂತ ಹಾಗೆ ನೋಡುತ್ತಾ ಒಂದೇ ಮಾತು ಹೇಳಿದರು: "ಅರಸಾ, ಮಾತು ಮುಗಿಯುವ ಮೊದಲೇ ಎದ್ದು ಹೋದೆಯಲ್ಲ, ಇದು ನ್ಯಾಯವಾ?"

ಹೇಳಿ ಕಾದರು. ತುಂಬಾ ಹೊತ್ತಾದ ಮೇಲೆ ಕೆಳಗಿಳಿದು ಬಂದು ನನ್ನ ಪಕ್ಕ ಕುಳಿತರು.

"ಸ್ವರ ಹೋದಾಗಲೂ ಉತ್ತರ ಕೊಟ್ಟಿದ್ರು ಟೀಚರ್," ಎಂದರು. "ಉತ್ತರ ಬಾರದ್ದು ಇದೇ ಮೊದಲು."